ಈರಜ್ಜಿಯ ಪಿಕಪ್ಪು, ಮಾರಿಕಣಿವೆಯ ಕೋಡಿ

ಕಳೆದ ವಾರ ಮನೆಯ ಗೇಟಿಗೆ ರೆಡ್ ಆಕ್ಸೈಡ್ ಬಳಿಯಲು ಕುಳಿತೆ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆ ಘಾಟು ಮೂಗಿಗೆ ಬಡಿಯಿತು. ಬ್ರಷ್ ಅದ್ದುವುದನ್ನು ಮರೆತು ಸುಮ್ಮನೆ ಕೂತಿದ್ದೆನಂತೆ. ಹೆಂಡತಿ ಸರೋಜ ಬಾಗಿಲಲ್ಲಿ ನಿಂತು, "ಏನ್ರಿ, ಗೇಟಿನ ಜೊತೆ ಮಾತಾಡ್ತಾ ಇದ್ದೀರೇನು?" ಅಂದಳು. ನಾನು ಗೇಟಿನ ಮುಂದೆ ಇರಲೇ ಇಲ್ಲ. ಮಾರಿಕಣಿವೆ ಕೋಡಿ ಬಿದ್ದ ವರ್ಷದ ಮಳೆಗಾಲದಲ್ಲಿ, ಹೊಸದುರ್ಗದ ಖಾದರಣ್ಣನ ಶೆಡ್ಡಿನಲ್ಲಿ ಇದ್ದೆ.

ಆಮೇಲೂ ಮಾರಿಕಣಿವೆಯ ಜಲಾಶಯ ತುಂಬಿ ಕೋಡಿ ಬಿದ್ದಿದೆ. ಈಗ ಜನಕ್ಕೆ ಅದು ಅಷ್ಟು ದೊಡ್ಡ ಬೆರಗಲ್ಲ. ನಾನು ಹೇಳುವುದು ಎಂಬತ್ತೊಂಬತ್ತು ವರ್ಷ ಕಾಯಿಸಿ ಬಿದ್ದ ಕೋಡಿಯ ಸಂಗತಿ.

ನಾನು ಮೂವತ್ತಾರು ವರ್ಷ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದೆ. ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬನೇ ಕೂತು, ಹಿಂದಕ್ಕೆ ಸರಿಯುವ ಹಳಿಗಳನ್ನು ನೋಡುತ್ತ ಹೋಗುವ ಕೆಲಸ. ಗಾಡಿ ಹೊರಡುವ ಮೊದಲು ಬ್ರೇಕ್ ನೋಡಬೇಕು, ಕೊಂಡಿ ನೋಡಬೇಕು, ದೀಪ ನೋಡಬೇಕು. ನೋಡಿದ್ದನ್ನು ಬರೆಯಬೇಕು, ಬರೆದದ್ದಕ್ಕೆ ಸಹಿ ಹಾಕಬೇಕು. ನಿವೃತ್ತನಾಗಿ ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿಗೆ ಬಂದ ಮೇಲೂ ಐದಕ್ಕೆ ಏಳುವುದು, ಆರಕ್ಕೆ ನಡೆಯಲು ಹೋಗುವುದು, ಏಳೂವರೆಗೆ ತಿಂಡಿ, ಯಾವುದೂ ಬದಲಾಗಲಿಲ್ಲ. ಒಂದು ಆಸೆ ಮಾತ್ರ ಉಳಿದುಹೋಗಿತ್ತು. ಅಷ್ಟು ವರ್ಷ ಬೇರೆಯವರು ಎಳೆದ ಗಾಡಿಯ ಹಿಂದೆ ಕೂತವನಿಗೆ, ಮುಂದೆ ಕೂತು ತಾನೇ ನಡೆಸುವ ಗಾಡಿಯೊಂದು ಬೇಕಿತ್ತು. ಅದು ಕಾರಾಗಿರಬಾರದು, ಏನನ್ನಾದರೂ ಹೊರುವ ಗಾಡಿಯಾಗಿರಬೇಕು.

ಮೃಗಶಿರ ಮಳೆ ಹಿಡಿದ ಒಂದು ಬೆಳಿಗ್ಗೆ ನಡೆಯಲು ಹೋದಾಗ ಪಕ್ಕದ ಹಟ್ಟಿಯಲ್ಲಿ ಗಲಾಟೆ ಕೇಳಿಸಿತು. ಹುಣಸೆಮರದ ಕೆಳಗೆ ಒಂದು ಹಳೇ ಬಿಳಿ ಪಿಕಪ್ಪು ನಿಂತಿತ್ತು. ಅದರ ಸುತ್ತ ಗುಜರಿಯವನು ಎರಡು ಸಲ ತಿರುಗಿ, ಟೈರಿಗೆ ಒದ್ದು ನೋಡುತ್ತಿದ್ದ. ಗಾಡಿಯ ಒಡೆಯ ತಿಪ್ಪೇಶ ಕುರಿ ಸಾಕುವವನು. ಮೂರು ವರ್ಷದಿಂದ ನಿಂತ ಗಾಡಿಯನ್ನು ತೂಕಕ್ಕೆ ಹಾಕಿಬಿಡಲು ಅವನು ತಯಾರಿದ್ದ. ಅವನ ತಾಯಿ ಈರಜ್ಜಿ ಗಾಡಿಯ ಒಳಗೆ ಕೂತು, ಬಾಗಿಲನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಿದ್ದಳು.

"ಇಳಿಯವ್ವ, ಮಳೆ ಬರ್ತೈತೆ," ಅಂದ ತಿಪ್ಪೇಶ.

"ಮಳೆ ಬಂದ್ರೆ ಬರ್ಲಿ. ನಾನು ಗಾಡಿ ಒಳಗೇ ಇದ್ದೀನಲ್ಲ," ಅಂದಳು ಈರಜ್ಜಿ.

ಗುಜರಿಯವನು ನಕ್ಕ. ನಾನು ನಗಲಿಲ್ಲ. ಬಾನೆಟ್ಟಿನ ಮೇಲೆ ಮಳೆನೀರು ಮುತ್ತಾಗಿ ನಿಂತು ಜಾರುತ್ತಿತ್ತು. ತುಕ್ಕಿನ ಕೆಳಗೆ ಆ ಗಾಡಿಯ ಮೂಗು, ಭುಜ, ಬೆನ್ನು ಎಲ್ಲ ನೆಟ್ಟಗಿದ್ದವು. ಅದನ್ನು ಎಳೆದು ನಿಲ್ಲಿಸಿದವರು ಯಾರೇ ಇರಲಿ, ನಾಲ್ಕೂ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಆ ಶಿಸ್ತಿಗೇ ನಾನು ಸೋತೆ. ಅಲ್ಲೇ ನಿಂತು, ಗುಜರಿಯವನಿಗಿಂತ ಸ್ವಲ್ಪ ಜಾಸ್ತಿ ಹೇಳಿ, ಗಾಡಿ ನನ್ನದಾಗಿಸಿಕೊಂಡೆ.

ಈರಜ್ಜಿ ಇಳಿಯಲಿಲ್ಲ. "ದುಡ್ಡು ಅವನ ಮಾತು. ನಂದೊಂದೈತೆ," ಅಂದಳು. "ಗಾಡಿ ಎದ್ದ ಮೇಲೆ ಮಾರಿಕಣಿವೆಗೆ ನನ್ನ ಕರ್ಕಂಡು ಹೋಗ್ಬೇಕು. ಈ ವರ್ಷ ಕೋಡಿ ಬೀಳ್ತೈತೆ."

ತಿಪ್ಪೇಶ ಹಣೆ ಚಚ್ಚಿಕೊಂಡ. "ಸಾರ್, ಇದು ಎಂಬತ್ತೊಂಬತ್ತು ವರ್ಷದ ಕಥೆ. ಕೂತ್ಕಳ್ರಿ."

ಕಥೆ ಹೀಗಿತ್ತು. ಹಿಂದೆ ಕೋಡಿ ಬಿದ್ದಾಗ ಈರಜ್ಜಿಯ ತಂದೆ ತಾಯಿ ಕುರಿ ಹೊಡೆದುಕೊಂಡು ಹೋಗಿ ಆ ಕಣಿವೆಯ ಹತ್ತಿರ ಬೀಡುಬಿಟ್ಟಿದ್ದರು. ಅಲ್ಲೇ ಇವಳು ಹುಟ್ಟಿದ್ದು. "ನೀರಿನ ಸದ್ದಿಗೆ ನಾನು ಅತ್ತಿದ್ದು ಯಾರಿಗೂ ಕೇಳ್ಲಿಲ್ವಂತೆ," ಅಂದಳು ಈರಜ್ಜಿ. "ಮೂಗಿ ಹುಟ್ಟೈತೆ ಅಂತ ನಮ್ಮಪ್ಪ ತಲೆ ಮೇಲೆ ಕೈ ಹೊತ್ತು ಕುಂತಿದ್ನಂತೆ." ನಮ್ಮ ಕಡೆ ಹಿಂದಿನವರಿಗೆ ಹುಟ್ಟಿದ ತಾರೀಖು ಇರುವುದಿಲ್ಲ. ಯಾವ ಮಳೆ, ಯಾವ ಬರ, ಯಾವ ಕೋಡಿ ಅಂತ ವಯಸ್ಸು ಲೆಕ್ಕ ಹಾಕುತ್ತಾರೆ. ಹಾಗಾಗಿ ಅವಳಿಗೆ ಕೋಡಿ ಈರಿ ಅಂತಲೇ ಹೆಸರು ಬಿತ್ತು. ಆದರೆ ಆಮೇಲೆ ಕೋಡಿ ಬೀಳಲೇ ಇಲ್ಲ. ಕಂಡವರು ಒಬ್ಬೊಬ್ಬರೇ ಹೋದರು. ಹಟ್ಟಿಯ ಹುಡುಗರು, "ಬಯಲುಸೀಮೆ ಕೆರೆ ತುಂಬಿ ಚೆಲ್ಲೋದು ಅಂದ್ರೇನಜ್ಜಿ, ನಿಮ್ಮವ್ವ ಚೆನ್ನಾಗಿ ಕಟ್ಟವ್ಳೆ ಬಿಡು," ಅಂತ ಛೇಡಿಸುತ್ತಿದ್ದರು. ತಾಯಿ ಸುಳ್ಳು ಹೇಳಿರಲಿಲ್ಲ ಅನ್ನುವುದನ್ನು ಕಣ್ಣಾರೆ ಕಂಡು ಸಾಯಬೇಕು ಅನ್ನುವುದು ಅವಳ ಹಟ.

"ಬಸ್ಸಲ್ಲಿ ಹೋಗಬಹುದಲ್ಲ?" ಅಂದೆ.

"ಬಸ್ಸಾದ್ರೆ ಹೊಸದುರ್ಗ ಮುಟ್ಟೋದ್ರೊಳಗೆ ಕರುಳೇ ಬಾಯಿಗೆ ಬರ್ತೈತೆ. ಕಾರು ಅದಕ್ಕಿಂತ ಕಡೆ, ಡಬ್ಬಿ. ಈ ಗಾಡೀಲಿ ಮರಿ ತೊಡೆ ಮೇಲೆ ಇಟ್ಕಂಡು ಎಷ್ಟು ಬಯಲು ಸುತ್ತೀನಿ. ಒಂದಿನ ತಲೆ ತಿರುಗಿಲ್ಲ."

ನಾನು ಒಪ್ಪಿ, ಕೈಯೆತ್ತಿ ಮಾತು ಕೊಟ್ಟೆ. ಆಮೇಲೆ ಅವಳು ಇಳಿದಳು.

ತಿಪ್ಪೇಶನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಹೊಸದುರ್ಗದವರೆಗೆ ಎಳೆಸಿಕೊಂಡು ಹೋದೆವು. ಖಾದರಣ್ಣನ ಶೆಡ್ಡು ಊರ ಹೊರಗೆ, ಒಂದು ಬೇವಿನಮರದ ಪಕ್ಕ. ಅವನ ಪಾನಾ, ಸ್ಕ್ರೂಡ್ರೈವರ್, ಸುತ್ತಿಗೆ ಎಲ್ಲವೂ ಒಂದು ಹಳೇ ಹಾಲಿನ ಕ್ಯಾನಿನೊಳಗೆ ತಲೆಕೆಳಗಾಗಿ ಬಿದ್ದಿರುತ್ತಿದ್ದವು. ನಾನು ಗೆರೆ ಎಳೆದು, ನಂಬರು ಹಾಕಿ, ನಲವತ್ತೊಂದು ಕೆಲಸಗಳ ಪಟ್ಟಿ ತಯಾರಿಸಿ ತಂದಿದ್ದೆ. ಅವನು ಕನ್ನಡಕ ಹಾಕಿ ಪೂರ್ತಿ ಓದಿದ. ಮಡಚಿ ವಾಪಸು ಕೊಟ್ಟ.

"ಪಟ್ಟಿ ಬಹಳ ಚೆನ್ನಾಗೈತೆ ಸಾರ್. ಆದ್ರೆ ಗಾಡಿಗೆ ಓದಾಕೆ ಬರಲ್ಲ."

ಮೊದಲ ವಾರ ಅವನ ಮೇಲೆ ನನಗೆ ಸಿಟ್ಟೇ ಇತ್ತು. ನಾನು ಎಂಟು ಹತ್ತರ ಬಸ್ಸಿಗೆ ಬಂದು ಕಾಯುತ್ತಿದ್ದೆ. ಅವನು ಹತ್ತಕ್ಕೆ ಬಂದು, ಚಹಾ ಕುಡಿದು, ಗಾಡಿಯ ಸುತ್ತ ತಿರುಗಿ, ಎಲ್ಲೋ ಒಂದು ಕಡೆ ಕೈ ಇಟ್ಟು ನಿಲ್ಲುತ್ತಿದ್ದ. ಆಮೇಲೆ ಕೆಲಸ ಶುರು. ಶುರುವಾದರೆ ಎರಡು ಗಂಟೆವರೆಗೆ ತಲೆ ಎತ್ತುವುದಿಲ್ಲ. ಕೈಗೆ ಬೇಕಾದ ಪಾನಾ ಕ್ಯಾನಿನೊಳಗಿಂದ ನೋಡದೆ ತೆಗೆಯುತ್ತಿದ್ದ. ಒಂದು ದಿನ ಸವೆದದ್ದರ ಬದಲಿಗೆ ಹೊಸ ಹಿತ್ತಾಳೆ ಬುಷ್ಷೊಂದನ್ನು ಅರದಿಂದ ಉಜ್ಜಿ ಉಜ್ಜಿ ಸ್ಟೀರಿಂಗಿನ ಬುಡಕ್ಕೆ ಕೂರಿಸುತ್ತಿದ್ದ. ಅಳತೆ ತೆಗೆದುಕೊಳ್ಳದ್ದು ಕಂಡು ನಾನು ತಡೆದೆ. ಬುಷ್ ಕೊಟ್ಟ. ನನ್ನ ಅಳತೆ ಪಟ್ಟಿಯಲ್ಲಿ ಸುತ್ತಲೂ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವತ್ತಿನಿಂದ ನನ್ನ ಕೆಲಸಗಳ ಪಟ್ಟಿ ಜೇಬಿನಲ್ಲೇ ಉಳಿಯಿತು, ನಾನು ಅವನ ಕೈ ನೋಡಲು ಕೂತೆ.

ಆ ಗಾಡಿಯನ್ನು ಬಿಚ್ಚಿದಷ್ಟೂ ಅದರ ಮೇಲೆ ಗೌರವ ಹೆಚ್ಚಿತು. ಕಾಗದ ಇಡುವ ಗೂಡಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಇಲಿ ತಂತಿಗಳನ್ನೆಲ್ಲ ಕಡಿದಿತ್ತು. ಕಾಲಿಡುವ ತಗಡು ಎಷ್ಟು ತಿಂದುಹೋಗಿತ್ತು ಅಂದರೆ ಕೂತಲ್ಲಿಂದಲೇ ನೆಲ ಕಾಣುತ್ತಿತ್ತು. ಆದರೆ ಚಾಸಿ ಸೀಳಿರಲಿಲ್ಲ, ಇಂಜಿನ್ನಿನ ಎದೆ ಗಟ್ಟಿಯಿತ್ತು. "ಈಗಿನ ಗಾಡಿ ಕೆಟ್ರೆ ಕಂಪ್ಯೂಟರ್ ಹಚ್ಚಿ ಕೇಳ್ಬೇಕು," ಅನ್ನುತ್ತಿದ್ದ ಖಾದರಣ್ಣ. "ಇದು ತಾನೇ ಹೇಳ್ತೈತೆ ಸಾರ್, ಎಲ್ಲಿ ನೋಯ್ತೈತೆ ಅಂತ." ಡೀಸೆಲ್ ಚಿಮ್ಮಿಸುವ ನಾಜಲ್ಲುಗಳನ್ನು ಚಿತ್ರದುರ್ಗಕ್ಕೆ ಒಯ್ದು ತಿದ್ದಿಸಿ ತಂದೆವು. ಹಿಂದಿನ ತೊಟ್ಟಿಗೆ ಹೊಸ ಜಾಲಿ ಹಲಗೆ ಹಾಸಿದೆವು. ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿಯುವ ಕೆಲಸ ನನ್ನದು. ಆರಿದ್ರ ಮಳೆ ಶೆಡ್ಡಿನ ತಗಡಿನ ಮೇಲೆ ಬಡಿಯುವಾಗ, ಚಾಸಿಯ ಕೆಳಗೆ ಅಂಗಾತ ಮಲಗಿ ಬ್ರಷ್ ಆಡಿಸುತ್ತಿದ್ದೆ. ಮೂಗಿಗೆ ಆ ಘಾಟು, ಜೊತೆಗೆ ಹಲಗೆ ಬದಲಿಸಿದರೂ ಹೋಗದ ಕುರಿ ವಾಸನೆ. ಮನೆಗೆ ಹೋದರೆ ಸರೋಜ ಹಿತ್ತಲಲ್ಲೇ ಬಿಸಿನೀರು ಇಟ್ಟಿರುತ್ತಿದ್ದಳು. "ಒಳಗೆ ಬರಬೇಡ್ರಿ. ಮೊದಲು ಕುರಿ ಹೊರಗೆ ಹೋಗ್ಲಿ," ಅನ್ನುತ್ತಿದ್ದಳು.

ಬ್ರೇಕ್ ವಿಷಯದಲ್ಲಿ ಮಾತ್ರ ಖಾದರಣ್ಣ ನನ್ನ ಮಾತು ಕೇಳುತ್ತಿದ್ದ. ರೈಲಿನಲ್ಲಿ ನನ್ನ ಜೀವ ಇದ್ದದ್ದೇ ಬ್ರೇಕಿನ ಮೇಲೆ. ನಾಲ್ಕೂ ಗಾಲಿಯ ಸಿಲಿಂಡರ್ ಬದಲಿಸಿ, ಪೈಪಿನೊಳಗಿನ ಗಾಳಿ ತೆಗೆಯುವ ದಿನ ನಾನು ಪೆಡಲ್ ಮೇಲೆ, ಅವನು ಗಾಲಿಯ ಹತ್ತಿರ. "ಹೊಡೀರಿ, ಹೊಡೀರಿ, ಹಿಡೀರಿ!" ಅನ್ನುತ್ತಿದ್ದ. ಮೊದಮೊದಲು ಪೆಡಲ್ ಹತ್ತಿಯ ಹಾಗೆ ನೆಲಕ್ಕೆ ಹೋಗುತ್ತಿತ್ತು. ನಾಲ್ಕನೇ ಗಾಲಿ ಮುಗಿಯುವ ಹೊತ್ತಿಗೆ ಕಾಲ ಕೆಳಗೆ ಕಲ್ಲು ಸಿಕ್ಕ ಹಾಗೆ ಗಟ್ಟಿಯಾಗಿ ನಿಂತಿತು. ಅರವತ್ತಾರರ ನನ್ನ ಕಾಲಿಗೆ ಆ ಕ್ಷಣ ಕೊಟ್ಟ ಸಂತೋಷವನ್ನು ಏನಕ್ಕೆ ಹೋಲಿಸಬೇಕೋ ತಿಳಿಯದು. ಇನ್ನೂ ಹತ್ತು ಸಲ ಸುಮ್ಮನೆ ಒತ್ತಿ ನೋಡಿದೆ. "ಸಾಕು ಬಿಡ್ರಿ ಸಾರ್, ಮಗು ಕಾಲು ನೋಯ್ತೈತೆ," ಅಂತ ಗಾಡಿಯ ಪರವಾಗಿ ಬೇಡಿಕೊಂಡ ಖಾದರಣ್ಣ.

ಹುಬ್ಬೆ ಮಳೆಯಲ್ಲಿ ಕೋಡಿ ಬಿತ್ತು.

ಸುದ್ದಿ ಬಂದ ದಿನ ಹೊಸದುರ್ಗದ ಅರ್ಧ ಊರು ಮಾರಿಕಣಿವೆ ಕಡೆ ಹೊರಟಿತು. ತಿಪ್ಪೇಶ ಬೈಕಿನಲ್ಲಿ ಹೋಗಿ ಫೋನಿನಲ್ಲಿ ನೀರಿನ ಚಿತ್ರ ಹಿಡಿದು ತಂದು ತಾಯಿಗೆ ತೋರಿಸಿದ. ಈರಜ್ಜಿ ಫೋನನ್ನು ಆಚೆ ತಳ್ಳಿದಳಂತೆ. "ಅಂಗೈ ಅಗಲದ ನೀರು ನೋಡಿ ನಾನೇನು ಮಾಡ್ಲಿ? ಆ ರೈಲಿನಪ್ಪನ್ನ ಕೇಳು, ಗಾಡಿ ಯಾವಾಗ ಅಂತ."

ಗಾಡಿ ಅಷ್ಟು ಹೊತ್ತಿಗೆ ಎದ್ದಿತ್ತು. ಶೆಡ್ಡಿನ ಸುತ್ತ ಓಡಾಡುತ್ತಿತ್ತು. ಆದರೆ ಎಫ್.ಸಿ. ಆಗಿರಲಿಲ್ಲ. ಗಾಡಿ ರಸ್ತೆಗೆ ಯೋಗ್ಯ ಅನ್ನುವ ಆ ಕಾಗದಕ್ಕೆ ಚಿತ್ರದುರ್ಗದಲ್ಲಿ ಪರೀಕ್ಷೆಯಾಗಬೇಕು. ತಿಪ್ಪೇಶ ಶೆಡ್ಡಿಗೇ ಬಂದು ಕೂತ. "ಒಂದು ಬೆಳಗಿನ ಮಾತು ಸಾರ್. ಹೋಗಿ ಬರಾಣ. ಇವತ್ತು ಅಲ್ಲಿ ಯಾರು ಕೇಳ್ತಾರೆ?" ಖಾದರಣ್ಣನ ಮುಖವೂ ತಿಪ್ಪೇಶನ ಕಡೆಗೇ ಇತ್ತು.

"ಸರ್ಟಿಫಿಕೇಟ್ ಇಲ್ಲದೆ ನನ್ನ ಗಾಡಿ ಹೊರಡಲ್ಲ," ಅಂದೆ.

ಪರೀಕ್ಷೆಗೆ ದಿನ ಸಿಕ್ಕಿತು. ಹಿಂದಿನ ದಿನ ಖಾದರಣ್ಣ ಊಟಕ್ಕೆ ಹೋದಾಗ ನಾನು ಯಾರಿಗೂ ಹೇಳದೆ ಒಂದು ಕೆಲಸ ಮಾಡಿದೆ. ರೈಲಿನ ಕೊನೆಯ ಡಬ್ಬಿಯ ಬೆನ್ನಿಗೆ ಹಳದಿ ಬಣ್ಣದ ದೊಡ್ಡ ಕತ್ತರಿ ಗುರುತು, ಎಕ್ಸ್ ಅಕ್ಷರದಂಥದ್ದು, ಇರುತ್ತದೆ. ಅದು ಕಂಡರೆ ಸ್ಟೇಷನ್ನಿನವರಿಗೆ ಗಾಡಿ ಇಡಿಯಾಗಿ ಬಂತು, ನಡುವೆ ಎಲ್ಲೂ ಕಳಚಿಲ್ಲ ಅಂತ ಅರ್ಥ. ಜೀವಮಾನವೆಲ್ಲ ಆ ಗುರುತಿನ ಹಿಂದೆಯೇ ಕೂತಿದ್ದವನು ನಾನು. ಅದಿಲ್ಲದ ಗಾಡಿಯ ಬೆನ್ನು ನನಗೆ ಬರಿಮೈ ಅನ್ನಿಸುತ್ತಿತ್ತು. ಪಿಕಪ್ಪಿನ ಹಿಂಬಾಗಿಲಿಗೆ ಮೂಲೆಯಿಂದ ಮೂಲೆಗೆ, ಸ್ಕೇಲು ಹಿಡಿದು, ಹಳದಿ ಕತ್ತರಿ ಬರೆದೆ. ಕೆಂಪು ರಿಫ್ಲೆಕ್ಟರ್ ಪಟ್ಟಿಗಳು ಅಡ್ಡ ಬಂದವು. ಅವನ್ನು ಕಿತ್ತೆ.

ಮಾರನೆಯ ದಿನ ಇನ್‌ಸ್ಪೆಕ್ಟರ್ ಬ್ರೇಕ್ ನೋಡಿ ತಲೆದೂಗಿದರು. ದೀಪ, ಹಾರನ್ನು, ಹೊಗೆ, ಎಲ್ಲ ಸರಿ. ಹಿಂದೆ ಬಂದು ನಿಂತರು.

"ಇದೇನ್ರಿ?"

ವಿವರಿಸಿದೆ. ಅವರು ಗಂಭೀರವಾಗಿಯೇ ಕೇಳಿದರು. "ನಿಮ್ಮ ಗಾಡೀಲಿ ಒಟ್ಟು ಎಷ್ಟು ಡಬ್ಬಿ ಅವೆ ಯಜಮಾನ್ರೆ?"

"ಒಂದೇ ಸಾರ್."

"ಹಂಗಾದ್ರೆ ಕೊನೇದು ಅಂತ ಹೇಳೋದು ಬೇಕಾಗಿಲ್ಲ. ಇದನ್ನ ಅಳಿಸಿ, ಬಿಳಿ ಹೊಡ್ದು, ರಿಫ್ಲೆಕ್ಟರ್ ಅಂಟಿಸ್ಕಂಡು ಬರ್ರಿ." ಮರುಪರೀಕ್ಷೆಗೆ ದಿನ ಸಿಕ್ಕಿದ್ದು ಒಂಬತ್ತು ದಿನ ಬಿಟ್ಟು.

ವಾಪಸು ಬರುವಾಗ ಹೊಳಲ್ಕೆರೆ ಮುಟ್ಟುವವರೆಗೆ ಖಾದರಣ್ಣ ಕಿಟಕಿಯಾಚೆ ಮುಖ ಮಾಡಿ ಕೂತಿದ್ದ. ಅಳುತ್ತಿದ್ದಾನೋ ಅನ್ನುವಂತೆ ಭುಜ ಅಲುಗುತ್ತಿದ್ದವು. ನೋಡಿದರೆ ನಗು. ನನಗೆ ನಗು ಬರಲಿಲ್ಲ. ಮಳೆ ನಿಂತಿತ್ತು. ಕೋಡಿಯ ನೀರು ತಗ್ಗುತ್ತಿದೆ ಅಂತ ಬಸ್ ಸ್ಟ್ಯಾಂಡಿನಲ್ಲಿ ಆಗಲೇ ಮಾತಾಡುತ್ತಿದ್ದರು.

ತಪ್ಪು ನನ್ನದು, ಹೇಳಬೇಕಾದವನೂ ನಾನೇ. ಹಟ್ಟಿಗೆ ಹೋಗಿ ಈರಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದೆ. ಅವಳು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಒಂಬತ್ತು ದಿನ?"

"ಒಂಬತ್ತು ದಿನ."

"ಹಂಗಾದ್ರೆ ಒಂದು ಕೆಲಸ ಮಾಡಪ್ಪ. ನೀನೇ ಹೋಗಿ, ಒಂಬತ್ತು ದಿನ ತಡಕಂಡಿರು ಅಂತ ಆ ನೀರಿಗೆ ಹೇಳಿ ಬಾ. ನಿನ್ನ ಸಹಿ ಹಾಕಿ ಕೊಡು, ಕೇಳ್ತದೇನೋ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಕಾಲು ಬಾತಿದ್ದವು. ಮೃಗಶಿರ ಮಳೆಯಲ್ಲಿ ಗಾಡಿಯ ಬಾಗಿಲನ್ನು ಎಳೆದು ಹಿಡಿದಿದ್ದ ಕೈಗಳು ಇವೇನಾ ಅನ್ನಿಸಿತು.

ಆ ಒಂಬತ್ತು ದಿನ ನನ್ನ ದಿನಚರಿ ಕೆಟ್ಟಿತು. ಹಳದಿ ಬಣ್ಣವನ್ನು ಒಂದೇ ದಿನದಲ್ಲಿ ಕೆರೆದು ತೆಗೆದೆ, ಮಿಕ್ಕ ದಿನಗಳಲ್ಲಿ ಮಾಡಲು ಏನೂ ಇರಲಿಲ್ಲ. ಬೆಳಿಗ್ಗೆ ನಡೆಯಲು ಹೋಗದೆ ಜಗಲಿಯಲ್ಲಿ ನಿಂತು ಮೋಡ ನೋಡುತ್ತಿದ್ದೆ. ಮಳೆ ಬೇಡುವುದು ಬಯಲುಸೀಮೆಯವರಿಗೆ ಹೊಸದಲ್ಲ. ಆದರೆ ಆ ವರ್ಷ ಈರುಳ್ಳಿ ಹೊಲದಲ್ಲೇ ಕೊಳೆಯುತ್ತಿತ್ತು, ಎಲ್ಲರೂ ಬಿಸಿಲು ಬೇಡುತ್ತಿದ್ದರು. ಮಳೆ ಬೇಡುತ್ತಿದ್ದವನು ನಾನೊಬ್ಬನೇ, ಅದನ್ನು ಯಾರ ಮುಂದೆಯೂ ಬಾಯಿಬಿಡುವ ಹಾಗಿರಲಿಲ್ಲ. ತಿಪ್ಪೇಶ ದಿನವೂ ಯಾರನ್ನೋ ಕೇಳಿ ಬಂದು, "ಇನ್ನೂ ಹರೀತೈತೆ ಸಾರ್, ಸಣ್ಣಗೆ," ಅನ್ನುತ್ತಿದ್ದ.

ಎಫ್.ಸಿ. ಆಯಿತು. ಮಾರನೆಯ ಬೆಳಿಗ್ಗೆ ಏಳಕ್ಕೆ ಗಾಡಿ ಹಟ್ಟಿಯ ಮುಂದೆ ನಿಲ್ಲಿಸಿದೆ. ಈರಜ್ಜಿ ಹೊಸ ಸೀರೆಯುಟ್ಟು, ಕಂಬಳಿ ಹೊದ್ದು, ನಾನು ಬರುವ ಮೊದಲೇ ಕಲ್ಲಿನ ಮೇಲೆ ಕೂತಿದ್ದಳು. ಹಟ್ಟಿಯ ಹತ್ತಿಪ್ಪತ್ತು ಜನ ಹಿಂದಿನ ತೊಟ್ಟಿಗೆ ಕಾಲೆತ್ತಿದರು. ನಾನು ಒಬ್ಬೊಬ್ಬರನ್ನೇ ಇಳಿಸಿದೆ. ಸರಕಿನ ಗಾಡಿಯ ತೊಟ್ಟಿಯಲ್ಲಿ ಜನ ಕೂರುವಂತಿಲ್ಲ.

"ಕುರಿ ಆಗಿದ್ರೆ ಕರ್ಕಂಡು ಹೋಗ್ತಿದ್ರಿ, ಅಲ್ವಾ ಸಾರ್?" ಅಂದ ಒಬ್ಬ.

"ಹೌದು. ಅವು ಬಾಯಿ ಮುಚ್ಕಂಡು ಬರ್ತವೆ," ಅಂದಳು ಈರಜ್ಜಿ ಒಳಗಿನಿಂದ.

ಅವರು ಬೈಕುಗಳಲ್ಲಿ ಹಿಂದೆ ಬಂದರು. ಗಾಡಿಯಲ್ಲಿ ನಾನು, ಈರಜ್ಜಿ, ಹೊಸದುರ್ಗದಲ್ಲಿ ಹತ್ತಿದ ಖಾದರಣ್ಣ. ಅವನು ಹತ್ತುತ್ತಲೇ ಎಚ್ಚರಿಸಿದ: ಸ್ಟಾರ್ಟರ್ ನಿನ್ನೆಯಿಂದ ಹಠ ಮಾಡುತ್ತಿದೆ, ಹೊಸದು ಚಿತ್ರದುರ್ಗದಿಂದ ಬರಬೇಕು, ಮನೆಗೆ ವಾಪಸಾಗುವವರೆಗೆ ಇಂಜಿನ್ ಆರಿಸಬಾರದು.

ಆ ದಾರಿಯನ್ನು ನಾನು ಮರೆಯಲಾರೆ. ಹಸ್ತ ಮಳೆಯ ಬೆಳಗು, ಎರಡೂ ಕಡೆ ರಾಗಿ ಹಸಿರು, ಗುಡ್ಡದ ಮೇಲೆ ಗಾಳಿಗಿರಣಿಗಳು ನಿಧಾನಕ್ಕೆ ತಿರುಗುತ್ತಿದ್ದವು. ಎದುರಿನ ರಸ್ತೆ ನನ್ನ ಕಡೆಗೇ ಓಡಿಬರುತ್ತಿತ್ತು. ಏರಿನಲ್ಲಿ ಮೂರನೇ ಗೇರಿಗೆ ಇಳಿಸಿದರೆ ಇಂಜಿನ್ ಗಂಟಲು ಸರಿಮಾಡಿಕೊಂಡು, ಯಾವ ಅವಸರವೂ ಇಲ್ಲದೆ ಏರುತ್ತಿತ್ತು. ಎಷ್ಟೋ ಜನ ಕೈಬಿಟ್ಟ ವಸ್ತುವೊಂದು ಹೀಗೆ ಅಚ್ಚುಕಟ್ಟಾಗಿ ಕೆಲಸ ಮಾಡುವುದನ್ನು ಕೈಯಲ್ಲಿ, ಕಾಲಲ್ಲಿ, ಬೆನ್ನಲ್ಲಿ ಅನುಭವಿಸುವ ಸುಖ ಬೇರೆಯೇ. ಈರಜ್ಜಿ ನಮ್ಮಿಬ್ಬರ ನಡುವೆ ನೆಟ್ಟಗೆ ಕೂತಿದ್ದಳು. ಒಂದು ಸಲವೂ ತಲೆ ತಿರುಗಲಿಲ್ಲ.

ಕಣಿವೆಯ ಹತ್ತಿರ ಪೊಲೀಸರು ಗಾಡಿಗಳನ್ನು ತಡೆದು ನಿಲ್ಲಿಸುತ್ತಿದ್ದರು. ಒಬ್ಬ ಪೇದೆ ಕಿಟಕಿಯ ಹತ್ತಿರ ಬಂದ. "ಇಲ್ಲಿಂದ ನಡ್ಕಂಡು ಹೋಗ್ಬೇಕಜ್ಜಿ."

"ಕಾಲು ಬರಲ್ಲ ಕಣಪ್ಪ. ಕೋಡಿ ಬಿದ್ದ ವರ್ಷ ಹುಟ್ಟಿದವಳು ನಾನು."

"ಈ ವರ್ಷಾನಾ?"

"ಅದರ ಹಿಂದಿಂದು."

ಪೇದೆ ಒಂದು ಕ್ಷಣ ಲೆಕ್ಕ ಹಾಕಿದ. ನಕ್ಕವನು ನಗು ನಿಲ್ಲಿಸಿ ಅವಳ ಮುಖವನ್ನೇ ನೋಡಿದ. ಆಮೇಲೆ ಅಡ್ಡಗಟ್ಟಿದ ಕಂಬಿಯನ್ನು ತಾನೇ ಎತ್ತಿ, ಮುಂದೆ ಮುಂದೆ ನಡೆಯುತ್ತ, ಜನರನ್ನು ಸರಿಸುತ್ತ ನಮ್ಮನ್ನು ಕೋಡಿ ಕಾಣುವ ತಿರುವಿನವರೆಗೆ ಕರೆದುಕೊಂಡು ಹೋದ.

ನೀರಿತ್ತು. ಮೊದಲ ದಿನಗಳ ಅಬ್ಬರ ಇರಲಿಲ್ಲವಂತೆ, ಆದರೂ ಕಟ್ಟೆಯ ಉದ್ದಕ್ಕೂ ಬಿಳಿಯಾಗಿ ಇಳಿಯುತ್ತಿತ್ತು. ಈರಜ್ಜಿ ಮುಂದಕ್ಕೆ ಬಾಗಿ ನೋಡಿದಳು. ಕಣ್ಣ ಮೇಲೆ ಕೈ ಅಡ್ಡ ಹಿಡಿದು ಮತ್ತೆ ನೋಡಿದಳು. ಮುಖ ಅರಳಲಿಲ್ಲ.

"ಕಾಣ್ತದೆ," ಅಂದಳು. "ಬೆಳ್ಳಗೆ ಕಾಣ್ತದೆ. ಕೇಳಲ್ವಲ್ಲ."

ನನಗೆ ಅರ್ಥವಾಯಿತು. ನಮ್ಮ ಡೀಸೆಲ್ ಇಂಜಿನ್ನು ಗಡಗಡ ಅನ್ನುತ್ತಿತ್ತು. ಖಾದರಣ್ಣನ ಕಡೆ ನೋಡಿದೆ. ಆರಿಸಿದರೆ ಮತ್ತೆ ಹತ್ತುತ್ತದೆ ಅನ್ನುವ ಭರವಸೆ ಇಬ್ಬರಿಗೂ ಇರಲಿಲ್ಲ. ಜಾಗ ಇಕ್ಕಟ್ಟು, ಹಿಂದೆ ಜನ, ಗಾಡಿಗಳು. ಅಂಥ ಜಾಗದಲ್ಲಿ ಗಾಡಿ ಕೆಡಿಸಿಕೊಳ್ಳುವವನನ್ನು ನಾನೇ ಎಷ್ಟು ಸಲ ಬೈದಿದ್ದೇನೋ. ಖಾದರಣ್ಣ ಬಾಗಿಲು ತೆಗೆದು ಇಳಿದು, ಮುಂದಿನ ಗಾಲಿಗೆ ಕಲ್ಲು ಕೊಟ್ಟ.

ಇಂಜಿನ್ ಆರಿಸಿದೆ.

ಕಣಿವೆಯ ಸದ್ದು ಒಳಗೆ ಬಂತು. ಮೊದಲು ಕಿವಿಗೆ, ಆಮೇಲೆ ಹೊಸ ತಗಡಿನ ಮೂಲಕ ಅಂಗಾಲಿಗೆ. ಈರಜ್ಜಿ ಅಲುಗಾಡದೆ ಕೂತಳು. ಏನೋ ಹೇಳಿದಳು, ತುಟಿ ಆಡಿದ್ದು ಕಂಡಿತು, ಪಕ್ಕದಲ್ಲೇ ಕೂತ ನನಗೆ ಕೇಳಿಸಲಿಲ್ಲ. ಕಿವಿ ಹತ್ತಿರ ಒಯ್ದೆ.

"ಯಾರಿಗೂ ಕೇಳ್ಲಿಲ್ವಂತೆ," ಅನ್ನುತ್ತಿದ್ದಳು. "ಹೆಂಗೆ ಕೇಳ್ಬೇಕು ಹೇಳು. ಅಯ್ಯೋ ನಮ್ಮವ್ವ, ಹೆಂಗೆ ಕೇಳ್ಬೇಕು."

ಎಷ್ಟು ಹೊತ್ತು ಕೂತೆವೋ. ಹಿಂದಿನ ಗಾಡಿಯವರು ಹಾರನ್ ಹೊಡೆಯತೊಡಗಿದರು. ನಾನು ಕೀಲಿ ತಿರುಗಿಸಿದೆ. ನಾವು ಹೆದರಿದ್ದೇ ಆಯಿತು, ಒಂದು ಸಣ್ಣ ಕಟಕ್ ಬಿಟ್ಟರೆ ಏನೂ ಇಲ್ಲ. ಖಾದರಣ್ಣ ಕಲ್ಲು ತೆಗೆದ. ಹಟ್ಟಿಯವರು ಬೈಕು ನಿಲ್ಲಿಸಿ ಓಡಿ ಬಂದರು, ಪೇದೆಯೂ ಬಂದ, ನೀರು ನೋಡಲು ಬಂದಿದ್ದ ಗುರುತಿಲ್ಲದ ಜನರೂ ಬಂದರು. ಮುಂದೆ ಇಳಿಜಾರಿತ್ತು. ಎಲ್ಲರೂ ಹಿಂಬಾಗಿಲಿಗೆ ಕೈ ಕೊಟ್ಟು, "ಹೇಳ್ರಿ ಸಾರ್, ತಳ್ಳಾಣ?" ಅಂದರು.

ನಾನು ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ, ಹೂಂ ಅನ್ನಲು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಈರಜ್ಜಿ ನನ್ನ ತೋಳು ಹಿಡಿದಳು. ಆ ಕಡೆಯ ಕಿಟಕಿಗೆ ಸರಿದು ಹಿಂದಕ್ಕೆ ತಿರುಗಿ ಕೂಗಿದಳು.

"ಲೇ, ತಡೀರ್ಲೇ. ಇನ್ನೊಂದೀಟು ಕೇಳ್ತೀನಿ."

ಯಾರೂ ತಳ್ಳಲಿಲ್ಲ. ಹಾರನ್ನುಗಳೂ ನಿಂತವು. ಹದಿನೈದು ಇಪ್ಪತ್ತು ಜನ ಹಿಂಬಾಗಿಲ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತರು. ನಾನು ಕಾಲನ್ನು ಬ್ರೇಕಿನ ಮೇಲಿಟ್ಟು, ಅವಳು ಹೇಳುವವರೆಗೆ ಕಾದೆ.